ಪ್ರಚಾರ ಸಮಿತಿಯ ಅಧ್ಯಕ್ಷರೇ ನಿಮ್ಮ ಕ್ಷೇತ್ರಕ್ಕೆ ಬಂದು ನಿಂತರೆ?

ಪ್ರಶ್ನೆ: ಅಮೆರಿಕದಲ್ಲಿ ಡೆಮಾಕ್ರಟಿಕ್ ಪಕ್ಷದ ಸಂಸದರನ್ನು ಗೆಲ್ಲಿಸುವುದಕ್ಕೆಂದೇ ಒಂದು ಪ್ರಚಾರ ಸಮಿತಿ ಇದೆಯಂತೆ. 2022ರಲ್ಲಿ ಆ ಸಮಿತಿಯ ಅಧ್ಯಕ್ಷರೇ ತಮ್ಮ ಪಕ್ಷದ ಹಾಲಿ ಸಂಸದರೊಬ್ಬರ ಕ್ಷೇತ್ರದಲ್ಲಿ ನಿಲ್ಲುತ್ತೇನೆ ಎಂದರು ಅಂತ ಓದಿದೆ. ಇದು ಹಿತಾಸಕ್ತಿ ಸಂಘರ್ಷ ಅಲ್ವಾ? ಕಾನೂನು ಯಾಕೆ ಅಡ್ಡ ಬರಲಿಲ್ಲ? ಅವರು ಅಧ್ಯಕ್ಷಗಿರಿ ಬಿಡಬೇಕಿತ್ತಾ, ಅಥವಾ ಎಲ್ಲರಿಗೂ ಇರುವ ಸ್ಪರ್ಧಿಸುವ ಹಕ್ಕು ಅವರಿಗೂ ಇತ್ತು ಅಂತ ಬಿಟ್ಟುಬಿಡಬೇಕಾ? ಕೊನೆಗೆ ಅವರು ಸೋತರಲ್ಲ, ಅದು ಇದೇ ಕಾರಣಕ್ಕಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೌದು, ಅದು ಹಿತಾಸಕ್ತಿ ಸಂಘರ್ಷವೇ. ಯಾವ ಕಾನೂನೂ ಮುರಿದಿರಲಿಲ್ಲ, ಅದೂ ನಿಜ. ಸ್ಪರ್ಧಿಸುವ ಹಕ್ಕು ಅವರಿಗೆ ಇತ್ತು. ಆದರೆ ಆ ಕ್ಷೇತ್ರವೇ ಬೇಕು ಅಂತಾದಾಗ ಸಮಿತಿಯ ಕುರ್ಚಿಯನ್ನು ಅದೇ ದಿನ ಬಿಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುವ ಮೊದಲು ಏನಾಯಿತು ಅಂತ ಸ್ವಲ್ಪ ನೋಡೋಣ. ಇಲ್ಲಿ ವಿವರಗಳೇ ಮುಖ್ಯ.

ನೀವು ಓದಿದ್ದು ಶಾನ್ ಪ್ಯಾಟ್ರಿಕ್ ಮಲೋನಿ ಅವರ ವಿಷಯ. ಅವರು ಆಗ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯ 18ನೇ ಕ್ಷೇತ್ರದ ಸಂಸದರಾಗಿದ್ದರು. 2020ರ ಡಿಸೆಂಬರ್‌ನಲ್ಲಿ ಪಕ್ಷದ ಸಂಸದರೇ ಮತ ಹಾಕಿ ಅವರನ್ನು ಪ್ರಚಾರ ಸಮಿತಿಯ ಅಧ್ಯಕ್ಷರನ್ನಾಗಿ ಆರಿಸಿದ್ದರು. ವಾಷಿಂಗ್ಟನ್ನಿನ ರಾಜಕೀಯದವರು ಈ ಸಮಿತಿಯನ್ನು ಅದರ ಇಂಗ್ಲಿಷ್ ಅಕ್ಷರಗಳಲ್ಲೇ ಡಿ-ಟ್ರಿಪಲ್-ಸಿ ಅಂತ ಕರೆಯುತ್ತಾರೆ. 1866ರಿಂದ ಇರುವ ಸಂಸ್ಥೆ. ಕೆಲಸ ಒಂದೇ: ಕೆಳಮನೆಯಲ್ಲಿ, ಅಂದರೆ ಹೌಸ್‌ನಲ್ಲಿ, ಪಕ್ಷದ ಸೀಟುಗಳನ್ನು ಉಳಿಸುವುದು, ಹೆಚ್ಚಿಸುವುದು.

ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಅಲ್ಲಿ ಕ್ಷೇತ್ರಗಳ ಗಡಿ ಬದಲಾಗುತ್ತದೆ. ನ್ಯೂಯಾರ್ಕಿನಲ್ಲಿ ಡೆಮಾಕ್ರಾಟರು ತಮಗೆ ಬೇಕಾದ ಹಾಗೆ ನಕ್ಷೆ ಬರೆದುಕೊಂಡಿದ್ದರು. 2022ರ ಏಪ್ರಿಲ್ 27ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಹೊಸ ನಕ್ಷೆ ಬರೆಯುವ ಕೆಲಸ ನ್ಯಾಯಾಲಯ ನೇಮಿಸಿದ ತಜ್ಞರ ಕೈಗೆ ಹೋಯಿತು. ಮೇ 16ರಂದು ಕರಡು ನಕ್ಷೆ ಹೊರಬಿತ್ತು. ಗಡಿಗಳು ಅದಲುಬದಲಾಗಿದ್ದವು. ಮಲೋನಿ ಅವರ ಹಳೆಯ ಕ್ಷೇತ್ರದ ಹೆಚ್ಚಿನ ಭಾಗ ಹೊಸ 18ನೇ ಕ್ಷೇತ್ರದಲ್ಲೇ ಉಳಿದಿತ್ತು. ಆದರೆ ಕೋಲ್ಡ್ ಸ್ಪ್ರಿಂಗ್‌ನಲ್ಲಿರುವ ಅವರ ಮನೆ ಮಾತ್ರ ಹೊಸ 17ನೇ ಕ್ಷೇತ್ರಕ್ಕೆ ಸೇರಿತ್ತು. ಆ 17ನೇ ಕ್ಷೇತ್ರದ ಬಹುಪಾಲು ಮತದಾರರು ಅದೇ ಪಕ್ಷದ ಇನ್ನೊಬ್ಬ ಸಂಸದ ಮೊಂಡೇರ್ ಜೋನ್ಸ್ ಅವರನ್ನು ಗೆಲ್ಲಿಸಿದ್ದವರು. ಜೋನ್ಸ್ ಮೊದಲ ಬಾರಿಯ ಸಂಸದ, ಮೂವತ್ತರ ಹರೆಯದವರು.

ಕರಡು ಬಂದ ದಿನವೇ ಮಲೋನಿ ಟ್ವಿಟರ್‌ನಲ್ಲಿ ಘೋಷಿಸಿದರು: ನಾನು 17ರಲ್ಲಿ ನಿಲ್ಲುತ್ತೇನೆ. ನಕ್ಷೆ ಇನ್ನೂ ಅಂತಿಮವಾಗಿರಲಿಲ್ಲ. ತನಗೆ ಒಂದು ಮಾತು ಮೊದಲೇ ತಿಳಿಸಲಿಲ್ಲ ಎಂದು ಜೋನ್ಸ್ ಬಹಿರಂಗವಾಗಿಯೇ ದೂರಿದರು.

ಜೋನ್ಸ್ ಮುಂದೆ ಮೂರು ದಾರಿ ಇದ್ದವು. ಒಂದು, ಮಲೋನಿ ಅವರ ಜೊತೆ ಸೆಣಸುವುದು. ಎರಡು, ಪಕ್ಕದ 16ನೇ ಕ್ಷೇತ್ರದಲ್ಲಿ ಇನ್ನೊಬ್ಬ ಹಾಲಿ ಸಂಸದ ಜಮಾಲ್ ಬೋಮನ್ ಅವರ ವಿರುದ್ಧ ನಿಲ್ಲುವುದು. ಮೂರು, ಊರನ್ನೇ ಬಿಟ್ಟು ಬೇರೆ ಕಡೆ ಹೋಗುವುದು. ಅವರು ಮೂರನೆಯದನ್ನು ಆರಿಸಿಕೊಂಡು ನ್ಯೂಯಾರ್ಕ್ ನಗರದ 10ನೇ ಕ್ಷೇತ್ರಕ್ಕೆ ಹೋದರು. ಆಗಸ್ಟ್ 23ರ ಪ್ರೈಮರಿಯಲ್ಲಿ ಮೂರನೆಯವರಾಗಿ ಸೋತರು. ಪ್ರೈಮರಿ ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಪಕ್ಷದ ಸಾಮಾನ್ಯ ಮತದಾರರೇ ತೀರ್ಮಾನಿಸುವ ಚುನಾವಣೆ. ನಮ್ಮಲ್ಲಿಯ ಹಾಗೆ ಹೈಕಮಾಂಡ್ ಬಿ ಫಾರಂ ಕೊಟ್ಟು ಮುಗಿಸುವ ಪದ್ಧತಿ ಅಲ್ಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ನಕ್ಷೆಯಿಂದ, ಅದೇ ಆಗಸ್ಟ್ 23ರಂದು, ಮ್ಯಾನ್‌ಹ್ಯಾಟನ್‌ನಲ್ಲಿ ಇನ್ನೂ ದೊಡ್ಡ ಜಗಳವೊಂದು ನಡೆಯಿತು. ಜೆರಾಲ್ಡ್ ನ್ಯಾಡ್ಲರ್ ಮತ್ತು ಕ್ಯಾರೊಲಿನ್ ಮಲೋನಿ, ಇಬ್ಬರೂ ಮೂವತ್ತು ವರ್ಷದ ಅನುಭವಿಗಳು, ಇಬ್ಬರೂ ಹೌಸ್‌ನ ದೊಡ್ಡ ಸಮಿತಿಗಳ ಅಧ್ಯಕ್ಷರು, ಒಂದೇ ಕ್ಷೇತ್ರದಲ್ಲಿ ಎದುರುಬದುರಾದರು. (ಈ ಮಲೋನಿಗೂ ಆ ಮಲೋನಿಗೂ ಸಂಬಂಧವಿಲ್ಲ. ಹೆಸರು ಮಾತ್ರ ಒಂದೇ.) ನ್ಯಾಡ್ಲರ್ ಗೆದ್ದರು. ಕಹಿ ಸಾಕಷ್ಟು ಇತ್ತು. ಆದರೆ ಅಲ್ಲಿ ಯಾರೂ ಹಿತಾಸಕ್ತಿ ಸಂಘರ್ಷದ ಮಾತು ಎತ್ತಲಿಲ್ಲ. ಯಾಕೆಂದರೆ ಅವರಿಬ್ಬರಲ್ಲಿ ಯಾರ ಕೈಯಲ್ಲೂ ಪಕ್ಷದ ಪ್ರಚಾರದ ಲಗಾಮು ಇರಲಿಲ್ಲ. ಹಾಗಾಗಿ ಸ್ವಪಕ್ಷದವರ ವಿರುದ್ಧ ನಿಲ್ಲುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಗಡಿ ಬದಲಾದಾಗ ಇಬ್ಬರಿಗೆ ಒಂದೇ ಸೀಟು ಉಳಿಯುವುದು ಅಲ್ಲಿ ಮಾಮೂಲಿ. ತಕರಾರು ಇರುವುದು ಕೈಯಲ್ಲಿರುವ ಲಗಾಮಿನ ಬಗ್ಗೆ.

ಆ ಲಗಾಮಿನಲ್ಲಿ ಏನೇನಿದೆ? ದುಡ್ಡು, ಮಾಹಿತಿ, ಭಯ. ಜನ ಮೊದಲು ಕೇಳುವುದು ದುಡ್ಡಿನ ಬಗ್ಗೆ. ನಿಜವಾಗಿ ನೋಡಿದರೆ ಈ ಮೂರರಲ್ಲಿ ಸುಲಭವಾಗಿ ಬೇಲಿ ಹಾಕಬಹುದಾದದ್ದು ದುಡ್ಡಿಗೇ.

ಪಕ್ಷದ ಸಂಸದರೆಲ್ಲ ಈ ಸಮಿತಿಗೆ ವಂತಿಗೆ ಕಟ್ಟಬೇಕು. ಹಿರಿತನ, ಹುದ್ದೆ ನೋಡಿ ಮೊತ್ತ ಗೊತ್ತು ಮಾಡುತ್ತಾರೆ. ದೊಡ್ಡ ಹುದ್ದೆಯಲ್ಲಿರುವವರು ಲಕ್ಷಗಟ್ಟಲೆ ಡಾಲರ್ ತರಬೇಕಾಗುತ್ತದೆ. ಜೋನ್ಸ್ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ನೀವು ಊರೂರು ತಿರುಗಿ ದೇಣಿಗೆ ಎತ್ತಿ ಕಟ್ಟಿದ ವಂತಿಗೆ ಒಂದು ಸಮಿತಿಗೆ ಹೋಗುತ್ತದೆ. ಆ ಸಮಿತಿಯ ಅಧ್ಯಕ್ಷರು ನಿಮ್ಮ ಸೀಟಿಗೆ ಟವೆಲ್ ಹಾಕಿದ್ದಾರೆ. ಮುಂದಿನ ಕಂತು ಕಟ್ಟುತ್ತೀರಾ?

ಇನ್ನೂ ಒಂದು ವಿಷಯವಿದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅಮೆರಿಕದ ಸಂಸದರು ತಮ್ಮ ಸರ್ಕಾರಿ ಕಚೇರಿಯಲ್ಲಿ ಕೂತು ದೇಣಿಗೆ ಕೇಳುವಂತಿಲ್ಲ. ಅದು ಅಪರಾಧ. ಹಾಗಾಗಿ ದಿನಕ್ಕೆ ಕೆಲವು ಗಂಟೆ ಅವರು ಸಂಸತ್ ಭವನದಿಂದ ಕಾಲ್ನಡಿಗೆ ದೂರದಲ್ಲಿರುವ ಪಕ್ಷದ ಕಟ್ಟಡಕ್ಕೆ ಹೋಗುತ್ತಾರೆ. ಅಲ್ಲಿ ಸಣ್ಣ ಸಣ್ಣ ಗೂಡುಗಳಂಥ ಜಾಗದಲ್ಲಿ ಕೂತು, ಮುಂದೆ ಹೆಸರು ನಂಬರುಗಳ ಪಟ್ಟಿ ಇಟ್ಟುಕೊಂಡು, ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡುತ್ತಾರೆ. ಇದಕ್ಕೆ ಅವರು ಇಟ್ಟಿರುವ ಹೆಸರು ಕಾಲ್ ಟೈಮ್. ಡೆಮಾಕ್ರಾಟರು ಹೋಗುವ ಆ ಕಟ್ಟಡದಲ್ಲಿ ಯಾರ ಕಚೇರಿ ಇದೆ? ಇದೇ ಡಿ-ಟ್ರಿಪಲ್-ಸಿಯದು. ಅಂದರೆ ಎದುರಾಳಿಯನ್ನು ಎದುರಿಸಲು ದುಡ್ಡು ಬೇಕಾದ ಸಂಸದ, ಎದುರಾಳಿಯೇ ಮುಖ್ಯಸ್ಥನಾಗಿರುವ ಸಮಿತಿಯ ಕಟ್ಟಡಕ್ಕೆ ಹೋಗಿ, ಅವರ ಸಿಬ್ಬಂದಿಗೆ ನಮಸ್ಕಾರ ಹೇಳಿ, ಪಕ್ಕದ ಗೂಡಿನವರಿಗೆ ಕೇಳಿಸುವ ಹಾಗೆ ದೇಣಿಗೆ ಬೇಡಬೇಕು. ಅಲ್ಲಿ ಯಾರೂ ಕದ್ದು ಕೇಳುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೂ ಯಾವ ದಾನಿಗೆ ಫೋನ್ ಹೋಯಿತು, ಎಷ್ಟು ಹೊತ್ತು ಮಾತು ನಡೆಯಿತು ಅನ್ನುವುದು ಗೋಡೆಯಾಚೆ ಗೊತ್ತಾಗದೆ ಇರುತ್ತದಾ?

ಮಾಹಿತಿಯ ಕಥೆ ಅಲ್ಲಿಂದಲೇ ಶುರು. ಪ್ರಚಾರ ಸಮಿತಿ ಅಂದರೆ ಬರೀ ಹಣದ ಪೆಟ್ಟಿಗೆ ಅಲ್ಲ. ಅದು ಸಮೀಕ್ಷೆ ಮಾಡಿಸುತ್ತದೆ. ಯಾವ ಕ್ಷೇತ್ರದಲ್ಲಿ ಯಾವ ಸಂಸದರ ಹೆಸರು ಜನರಿಗೆ ಎಷ್ಟು ಗೊತ್ತು, ಯಾವ ವಿಷಯ ಎತ್ತಿದರೆ ಅವರ ಬೆಂಬಲ ಕುಸಿಯುತ್ತದೆ, ಎಲ್ಲ ಅದರ ಕಡತದಲ್ಲಿರುತ್ತದೆ. ಸೋಲುವ ಅಪಾಯ ಇರುವ ಸಂಸದರಿಗೆ ಫ್ರಂಟ್‌ಲೈನ್ ಅಂತ ಪ್ರತ್ಯೇಕ ಕಾರ್ಯಕ್ರಮವೇ ಇದೆ. ಅಮೆರಿಕದ ಪ್ರಚಾರಗಳಲ್ಲಿ ಸ್ವಂತ ಅಭ್ಯರ್ಥಿಯ ಬಗ್ಗೆಯೇ ಒಂದು ತನಿಖಾ ವರದಿ ಬರೆಸುವ ಪದ್ಧತಿ ಇದೆ. ಹಳೆಯ ಮತಗಳು, ಆಡಿದ ಮಾತುಗಳು, ತೆರಿಗೆ, ಕೋರ್ಟು ಕೇಸು, ಮನೆ ಜಗಳ, ಯಾವುದನ್ನು ಎದುರು ಪಕ್ಷ ಬಳಸಬಹುದು ಅಂತ ಮೊದಲೇ ಹುಡುಕಿ ಇಡುವುದು. ವೈದ್ಯರ ಹತ್ತಿರ ರೋಗಿ ಹೇಳಿಕೊಳ್ಳುವ ಹಾಗೆ ಅಭ್ಯರ್ಥಿ ತನ್ನ ಗುಟ್ಟನ್ನು ಅಲ್ಲಿ ಬಿಚ್ಚಿಡುತ್ತಾನೆ. ನಾಳೆ ಅದೇ ವೈದ್ಯರು ಎದುರಾಳಿಯಾದರೆ?

ಇಲ್ಲಿ ಒಂದು ಗೊಂದಲ ಬೇಡ. ಮಲೋನಿ ಜೋನ್ಸ್ ಅವರ ಕಡತ ತೆಗೆದು ಓದಿದರು ಅಂತ ನಾನು ಹೇಳುತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತ ಅವರ ಟೀಕಾಕಾರರು ಹೇಳಿದಂಥ ಮಾತನ್ನು ನಾನು ಹೇಳುವುದಿಲ್ಲ. ಹಿತಾಸಕ್ತಿ ಸಂಘರ್ಷ ಅನ್ನುವುದಕ್ಕೆ ದುರುಪಯೋಗ ನಡೆದಿರಲೇಬೇಕು ಅಂತೇನಿಲ್ಲ. ಎರಡು ಕಡೆಯ ಕೆಲಸ ಒಬ್ಬನ ಕೈಯಲ್ಲಿದ್ದರೆ ಸಾಕು, ಸಂಘರ್ಷ ಹುಟ್ಟಿಯಾಯಿತು. ಪತ್ರಿಕೆಗಳಲ್ಲಿ ಈ ವ್ಯತ್ಯಾಸ ಆಗಾಗ ಕಳೆದುಹೋಗುತ್ತದೆ. ಒಬ್ಬರು "ನೀವು ತಪ್ಪು ಮಾಡಿದಿರಿ" ಅನ್ನುತ್ತಾರೆ, ಇನ್ನೊಬ್ಬರು "ಪುರಾವೆ ತೋರಿಸಿ" ಅನ್ನುತ್ತಾರೆ. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿರುತ್ತಾರೆ.

ಮಾಹಿತಿಗೆ ಇನ್ನೊಂದು ತೊಡಕಿದೆ. ದುಡ್ಡಿನ ವಿಷಯದಲ್ಲಿ "ಈ ಕ್ಷೇತ್ರದ ಖರ್ಚಿನ ತೀರ್ಮಾನದಿಂದ ನಾನು ಹೊರಗೆ" ಅಂತ ಬರೆದುಕೊಡಬಹುದು. ಕಳೆದ ವರ್ಷ ಓದಿದ ವರದಿಯನ್ನು ತಲೆಯಿಂದ ಹೊರಗೆ ಹಾಕುವುದು ಹೇಗೆ? ನಕ್ಷೆ ಹೊರಬಿದ್ದ ದಿನವೇ ಒಂದು ಕ್ಷೇತ್ರದ ಬಲಾಬಲ ಹೇಳಬಲ್ಲ ಜನ, ಅಂಕಿ-ಅಂಶ ಇರುವುದು ಇಂಥ ಸಮಿತಿಗಳ ಸುತ್ತಮುತ್ತಲೇ. ಮೊದಲ ಬಾರಿಯ ಸಂಸದನಿಗೆ ಆ ಅನುಕೂಲ ಎಲ್ಲಿದೆ?

ಭಯ ಅಂದೆನಲ್ಲ, ಅದು ಇನ್ನೂ ಸೂಕ್ಷ್ಮ. ಅಧ್ಯಕ್ಷರು ಯಾರನ್ನೂ ಹೆದರಿಸಬೇಕಾಗಿಲ್ಲ. ಸಮೀಕ್ಷೆ ಮಾಡುವ ಕಂಪನಿ, ಜಾಹೀರಾತು ತಯಾರಿಸುವವರು, ಅಂಚೆಯಲ್ಲಿ ಕರಪತ್ರ ಕಳಿಸುವವರು, ಇವರಿಗೆಲ್ಲ ಸಮಿತಿಯ ಕೆಲಸ ಬಲು ದೊಡ್ಡ ಆದಾಯ. ಅಧ್ಯಕ್ಷರ ಎದುರಾಳಿಗೆ ಕೆಲಸ ಮಾಡಿಕೊಡುತ್ತೀರಾ ಅಂತ ಕೇಳಿದರೆ, ಯಾರೂ ಏನೂ ಹೇಳದಿದ್ದರೂ, ಅವರು "ಈ ಸಲ ಸ್ವಲ್ಪ ಬ್ಯುಸಿ" ಅನ್ನುತ್ತಾರೆ. ಈ ಭಯ ಬರೀ ಕಲ್ಪನೆಯಲ್ಲ. 2019ರಲ್ಲಿ ಇದೇ ಸಮಿತಿ, ಬೇರೆ ಅಧ್ಯಕ್ಷರ ಕಾಲದಲ್ಲಿ, ಬಾಯಿಬಿಟ್ಟು ನಿಯಮವನ್ನೇ ಮಾಡಿತ್ತು: ಹಾಲಿ ಸಂಸದರ ವಿರುದ್ಧ ಪ್ರೈಮರಿಯಲ್ಲಿ ನಿಂತವರಿಗೆ ಕೆಲಸ ಮಾಡುವ ಕಂಪನಿಗಳಿಗೆ ಸಮಿತಿಯ ಕೆಲಸ ಕೊಡುವುದಿಲ್ಲ. ಪಕ್ಷದ ಎಡಬಣದವರು ಅದನ್ನು ಕಪ್ಪುಪಟ್ಟಿ ಅಂತ ಕರೆದು ಗಲಾಟೆ ಎಬ್ಬಿಸಿದರು. 2021ರಲ್ಲಿ ಅದನ್ನು ತೆಗೆದುಹಾಕಲಾಯಿತು. ತೆಗೆದದ್ದು ಯಾರ ಅಧ್ಯಕ್ಷತೆಯಲ್ಲಿ ಅಂದರೆ ಮಲೋನಿ ಅವರದ್ದೇ! ಆ ವಿಷಯಕ್ಕೆ ಅವರಿಗೆ ಶಹಬ್ಬಾಸ್ ಹೇಳಬೇಕು. ಮರುವರ್ಷವೇ, ಹಾಲಿ ಸಂಸದರನ್ನು ಕಾಪಾಡಬೇಕಾದ ಸಮಿತಿಯ ಅಧ್ಯಕ್ಷರೇ ಹಾಲಿ ಸಂಸದರ ಕ್ಷೇತ್ರಕ್ಕೆ ಬಂದದ್ದು ಬೇರೆ ಮಾತು.

ಇನ್ನು ಕಾನೂನಿನ ಪ್ರಶ್ನೆ. ಅಲ್ಲಿನ ಕಾನೂನಿನ ಕಣ್ಣಲ್ಲಿ ರಾಜಕೀಯ ಪಕ್ಷ ಅಂದರೆ ತನ್ನಷ್ಟಕ್ಕೆ ತಾನು ನಡೆದುಕೊಳ್ಳುವ ಖಾಸಗಿ ಸಂಘ. ಒಳಗಿನ ವ್ಯವಹಾರ ಅದರದ್ದು. 1989ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯಾದ ಒಂದು ಕಾನೂನನ್ನು ರದ್ದು ಮಾಡಿತು. ಪ್ರೈಮರಿಯಲ್ಲಿ ಪಕ್ಷದ ಸಮಿತಿಗಳು ಯಾರಿಗೂ ಬೆಂಬಲ ಘೋಷಿಸಬಾರದು ಅಂತ ಆ ಕಾನೂನು ಹೇಳುತ್ತಿತ್ತು. ಅದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು ಕೋರ್ಟ್. ಸರ್ಕಾರ ಪಕ್ಷಗಳ ಮೇಲೆ ತಟಸ್ಥವಾಗಿರಿ ಅಂತ ಹೇರಲು ಹೊರಟರೆ ಎಷ್ಟು ಕಷ್ಟ ಅನ್ನುವುದು ಇಲ್ಲಿಯೇ ಗೊತ್ತಾಗುತ್ತದೆ.

2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹಿಲರಿ ಕ್ಲಿಂಟನ್ ಜೊತೆ ಸೆಣಸಿದ ಬರ್ನಿ ಸ್ಯಾಂಡರ್ಸ್ ಅವರ ಬೆಂಬಲಿಗರು ಇದೇ ಕಲ್ಲಿಗೆ ತಲೆ ಕುಟ್ಟಿಕೊಂಡರು. ಪಕ್ಷದ ರಾಷ್ಟ್ರೀಯ ಸಮಿತಿಯ ಸ್ವಂತ ನಿಯಮಾವಳಿಯಲ್ಲೇ, ಅಧ್ಯಕ್ಷೀಯ ಅಭ್ಯರ್ಥಿಗಳ ನಡುವೆ ಸಮಿತಿಯ ಮುಖ್ಯಸ್ಥರು ಪಕ್ಷಪಾತ ಮಾಡಬಾರದು ಅಂತ ಬರೆದಿದೆ. ಆ ವರ್ಷ ಜುಲೈನಲ್ಲಿ ಸಮಿತಿಯ ಇಮೇಲ್‌ಗಳು ಸೋರಿಕೆಯಾದವು. ಸಿಬ್ಬಂದಿಯ ಒಲವು ಹಿಲರಿ ಕ್ಲಿಂಟನ್ ಕಡೆ ಇದ್ದದ್ದು ಬಯಲಾಯಿತು. ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ಕೆಲವೇ ದಿನದಲ್ಲಿ ರಾಜೀನಾಮೆ ಘೋಷಿಸಬೇಕಾಯಿತು. ದೇಣಿಗೆ ಕೊಟ್ಟವರು ಕೋರ್ಟಿಗೂ ಹೋದರು. 2017ರ ಆಗಸ್ಟ್‌ನಲ್ಲಿ ಫ್ಲೋರಿಡಾದ ಫೆಡರಲ್ ನ್ಯಾಯಾಧೀಶರು ಆ ದಾವೆಯನ್ನು ವಜಾ ಮಾಡಿದರು. ಪಕ್ಷಪಾತ ನಡೆಯಿತೋ ಇಲ್ಲವೋ ಅನ್ನುವ ವಿಚಾರಣೆಯವರೆಗೆ ಅದು ಹೋಗಲೇ ಇಲ್ಲ. ಅಂದರೆ ಪಕ್ಷದ ನಿಯಮ ಪಕ್ಷಕ್ಕೆ ಬಿಟ್ಟದ್ದು. ಅದನ್ನು ಜಾರಿ ಮಾಡುವ ಪೊಲೀಸು, ಕೋರ್ಟು ಯಾವುದೂ ಇಲ್ಲ. ಇರುವುದು ನಾಚಿಕೆ, ಮತ್ತು ಸಹೋದ್ಯೋಗಿಗಳ ಒತ್ತಡ.

ಸಂಸತ್ತಿನ ನೀತಿ ನಿಯಮಗಳಿಲ್ಲವೇ ಅಂತ ಕೇಳಬಹುದು. ಇವೆ. ಆದರೆ ಅವು ಮುಖ್ಯವಾಗಿ ಸ್ವಂತ ಹಣಕಾಸಿನ ಲಾಭ, ಉಡುಗೊರೆ, ಸರ್ಕಾರಿ ಸೌಲಭ್ಯದ ದುರುಪಯೋಗ ಇಂಥವುಗಳನ್ನು ನೋಡುತ್ತವೆ. ಸೀಟಿನ ಆಸೆ ಅವುಗಳ ಲೆಕ್ಕದಲ್ಲಿ ಲಾಭವಲ್ಲ.

ಈಗ ಮಲೋನಿ ಪರವಾದ ವಾದಗಳನ್ನೂ ನ್ಯಾಯವಾಗಿ ನೋಡಬೇಕು. ಅವರ ಮೊದಲ ವಾದ: ನನ್ನ ಮನೆ 17ರಲ್ಲಿದೆ, ನಾನು ನನ್ನ ಮನೆ ಇರುವ ಕ್ಷೇತ್ರದಲ್ಲಿ ನಿಲ್ಲುತ್ತಿದ್ದೇನೆ, ಅಷ್ಟೇ. ಕೇಳಲಿಕ್ಕೆ ಸರಿ ಅನ್ನಿಸುತ್ತದೆ. ಆದರೆ ಅಮೆರಿಕದ ಸಂವಿಧಾನದ ಪ್ರಕಾರ ಸಂಸದ ಆ ರಾಜ್ಯದ ನಿವಾಸಿಯಾಗಿದ್ದರೆ ಸಾಕು, ಕ್ಷೇತ್ರದ ನಿವಾಸಿಯಾಗಿರಬೇಕಿಲ್ಲ. ಕೋಲ್ಡ್ ಸ್ಪ್ರಿಂಗ್‌ನ ಮನೆಯಲ್ಲೇ ಇದ್ದುಕೊಂಡು, ತಮ್ಮ ಹಳೆಯ ಮತದಾರರೇ ಜಾಸ್ತಿ ಇದ್ದ 18ರಲ್ಲಿ ಅವರು ನಿಲ್ಲಬಹುದಿತ್ತು. 17 ಪಕ್ಷಕ್ಕೆ ತುಸು ಹೆಚ್ಚು ಸುರಕ್ಷಿತ ಅಂತ ಆಗ ಎಲ್ಲರ ಲೆಕ್ಕಾಚಾರವಿತ್ತು. ಇಲ್ಲೇ ನನಗೆ ಕಸಿವಿಸಿ ಆಗುವುದು. ಕಷ್ಟದ ಸೀಟುಗಳಲ್ಲಿ ನಿಂತು ಹೋರಾಡಿ ಅಂತ ಇತರರಿಗೆ ಹೇಳುವುದೇ ಆ ಅಧ್ಯಕ್ಷರ ಕೆಲಸ. ತಾವೇ ಸುಲಭದ ಸೀಟಿಗೆ ಸರಿದರೆ, ಮುಂದಿನ ಸಲ ಆ ಮಾತು ಹೇಳುವಾಗ ಯಾರು ಕೇಳುತ್ತಾರೆ?

ಎರಡನೆಯ ವಾದ ಗಟ್ಟಿಯಾದದ್ದು. ಪ್ರಚಾರ ಸಮಿತಿಯ ಅಧ್ಯಕ್ಷರು ಯಾವಾಗಲೂ ಸ್ವತಃ ಅಭ್ಯರ್ಥಿಗಳೇ. ಹೌಸ್‌ನ ಎಲ್ಲರೂ ಎರಡು ವರ್ಷಕ್ಕೊಮ್ಮೆ ಚುನಾವಣೆ ಎದುರಿಸಬೇಕು. ಹಾಗೆ ನೋಡಿದರೆ ಪ್ರತಿ ಅಧ್ಯಕ್ಷರಿಗೂ ಸಂಘರ್ಷ ಇದ್ದದ್ದೇ. ನಿಜ. ರಿಪಬ್ಲಿಕನ್ನರ ಇಂಥದ್ದೇ ಸಮಿತಿಗೆ 1970ರ ದಶಕದಿಂದ ಅಧ್ಯಕ್ಷರಾಗಿದ್ದ ಗೈ ವ್ಯಾಂಡರ್ ಜ್ಯಾಗ್ಟ್ 1992ರಲ್ಲಿ ತಮ್ಮದೇ ಪ್ರೈಮರಿಯಲ್ಲಿ ಹೊಸಬರೊಬ್ಬರಿಗೆ ಸೋತರು. ಅವರು ಅಧ್ಯಕ್ಷಗಿರಿ ಬಿಟ್ಟು ಪ್ರೈಮರಿಗೆ ನಿಲ್ಲಬೇಕಿತ್ತು ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಮಲೋನಿ ಅವರಿಗೂ ಅಷ್ಟೇ. ಜೋನ್ಸ್ ಹೊರಟುಹೋದ ಮೇಲೆ ರಾಜ್ಯ ಸೆನೆಟರ್ ಅಲೆಸಾಂಡ್ರಾ ಬಿಯಾಜಿ 17ರಲ್ಲಿ ಅವರ ವಿರುದ್ಧ ನಿಂತರು, ದೊಡ್ಡ ಅಂತರದಲ್ಲಿ ಸೋತರು. ಆ ಸ್ಪರ್ಧೆಯಲ್ಲಿ ಪಕ್ಷದ ಬಲ ಅಧ್ಯಕ್ಷರ ಕಡೆ ವಾಲಿದ್ದು ಅನ್ಯಾಯ ಅನ್ನಿಸಬಹುದು. ಆದರೆ ಸಮಿತಿ ಬಿಯಾಜಿಗೆ ಯಾವ ಮಾತೂ ಕೊಟ್ಟಿರಲಿಲ್ಲ. ಅವರಿಂದ ವಂತಿಗೆ ತೆಗೆದುಕೊಂಡಿರಲಿಲ್ಲ, ಗುಟ್ಟು ಕೇಳಿರಲಿಲ್ಲ, ಕಾಪಾಡುತ್ತೇನೆ ಅಂದಿರಲಿಲ್ಲ. ಜೋನ್ಸ್ ವಿಷಯ ಹಾಗಲ್ಲ. ಜೋನ್ಸ್ ಆ ಸಮಿತಿ ಕಾಪಾಡಬೇಕಾದವರಲ್ಲಿ ಒಬ್ಬರು. ಗೆರೆ ಎಳೆಯುವುದಾದರೆ ನಾನು ಅಲ್ಲಿ ಎಳೆಯುತ್ತೇನೆ.

ಮೂರನೆಯ ವಾದ, ಪಕ್ಷದ ದೊಡ್ಡ ಹಿತಕ್ಕಾಗಿ ಅನುಭವಿ ಅಧ್ಯಕ್ಷ ಉಳಿಯಬೇಕು ಅನ್ನುವುದು. ಆಗಿನ ಸ್ಪೀಕರ್ ನ್ಯಾನ್ಸಿ ಪೆಲೋಸಿ ಮಲೋನಿ ಬೆನ್ನಿಗೆ ನಿಂತರು. ಎಡಬಣದ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೋರ್ಟೆಜ್ ಅವರಂಥವರು ಸಹೋದ್ಯೋಗಿಯ ವಿರುದ್ಧ ನಿಲ್ಲುವುದಾದರೆ ಅಧ್ಯಕ್ಷಗಿರಿ ಬಿಡಲಿ ಎಂದರು. ಇದನ್ನು ಎಡ-ಬಲ ಬಣಗಳ ಜಗಳ ಅಂತ ಪತ್ರಿಕೆಗಳು ಬರೆದವು. ಬಣದ ಲೆಕ್ಕ ಇದ್ದದ್ದು ಹೌದು. ಆದರೆ ಬಣವನ್ನು ಬದಿಗಿಟ್ಟು ನೋಡಿದರೂ ಪ್ರಶ್ನೆ ಅಲ್ಲೇ ಇರುತ್ತದೆ.

ಸೀಟಿನ ಜಗಳ ಅಪರೂಪ. ಆದರೆ ಇದೇ ಸಂಘರ್ಷದ ಇನ್ನೊಂದು ರೂಪ ಸದ್ದಿಲ್ಲದೆ ಆಗಾಗ ನಡೆಯುತ್ತದೆ. ಪ್ರಚಾರ ಸಮಿತಿಯ ಅಧ್ಯಕ್ಷ ಪಕ್ಷದೊಳಗಿನ ಹುದ್ದೆಗೆ ಸಹೋದ್ಯೋಗಿಯ ವಿರುದ್ಧ ನಿಲ್ಲುವುದು. 1980ರ ದಶಕದಲ್ಲಿ ಟೋನಿ ಕೊಯೆಲೊ ಈ ಡಿ-ಟ್ರಿಪಲ್-ಸಿಯನ್ನು ದುಡ್ಡು ಎತ್ತುವ ದೊಡ್ಡ ಯಂತ್ರವನ್ನಾಗಿ ಮಾಡಿದರು. 1986ರ ಡಿಸೆಂಬರ್‌ನಲ್ಲಿ ಪಕ್ಷದ ಸಚೇತಕ ಹುದ್ದೆಗೆ ಮೊದಲ ಬಾರಿ ಚುನಾವಣೆ ನಡೆದಾಗ, ಚಾರ್ಲ್ಸ್ ರೇಂಜಲ್ ಅವರಂಥ ಹಿರಿಯರನ್ನು ಸೋಲಿಸಿ ಗೆದ್ದರು. ಅಲ್ಲಿ ಮತ ಹಾಕಿದವರು ಯಾರು? ಸಮಿತಿಯಿಂದ ನೆರವು ಪಡೆದು ಗೆದ್ದು ಬಂದಿದ್ದ ಸಂಸದರು. ಇದು ಮೋಸವಲ್ಲ. ಆದರೆ ಎಲ್ಲರ ವಂತಿಗೆಯಿಂದ ಕೊಟ್ಟ ನೆರವಿಗೆ ಕೃತಜ್ಞತೆ ಒಬ್ಬರ ಖಾತೆಗೆ ಜಮೆಯಾಗುತ್ತದೆ, ಅಲ್ವಾ?

ಎಲ್ಲ ಸಲವೂ ಜಮೆಯಾಗುತ್ತದೆ ಅಂತಲೂ ಅಲ್ಲ. 2022ರಲ್ಲಿ ಮೇಲ್ಮನೆಗೆ, ಅಂದರೆ ಸೆನೆಟ್‌ಗೆ, ರಿಪಬ್ಲಿಕನ್ ಪಕ್ಷದವರನ್ನು ಗೆಲ್ಲಿಸುವ ಪ್ರಚಾರ ಸಮಿತಿಗೆ ಫ್ಲೋರಿಡಾದ ರಿಕ್ ಸ್ಕಾಟ್ ಅಧ್ಯಕ್ಷರಾಗಿದ್ದರು. ಆ ವರ್ಷದ ಆರಂಭದಲ್ಲೇ ತಮ್ಮದೇ ಹೆಸರಿನಲ್ಲಿ ಒಂದು ಕಾರ್ಯಸೂಚಿ ಹೊರಡಿಸಿ ಸೆನೆಟ್‌ನಲ್ಲಿ ಪಕ್ಷದ ನಾಯಕರಾಗಿದ್ದ ಮಿಚ್ ಮೆಕಾನೆಲ್ ಅವರ ಸಿಟ್ಟಿಗೆ ಗುರಿಯಾದರು. ಚುನಾವಣೆಯಲ್ಲಿ ಪಕ್ಷಕ್ಕೆ ಬಹುಮತ ಸಿಗಲಿಲ್ಲ. ಮರುವಾರವೇ, ನವೆಂಬರ್ 16ರಂದು, ಸ್ಕಾಟ್ ಅದೇ ಮೆಕಾನೆಲ್ ವಿರುದ್ಧ ನಾಯಕನ ಹುದ್ದೆಗೆ ನಿಂತು 37–10 ಮತಗಳಿಂದ ಸೋತರು.

ಡೆಮಾಕ್ರಾಟರು 2025ರಲ್ಲಿ ಮತ್ತೊಮ್ಮೆ ಈ ಗಂಟಿಗೆ ಸಿಕ್ಕಿಕೊಂಡರು. ಫೆಬ್ರವರಿಯಲ್ಲಿ ರಾಷ್ಟ್ರೀಯ ಸಮಿತಿಯ ಉಪಾಧ್ಯಕ್ಷರಾಗಿ ಆರಿಸಿಬಂದ ಯುವಕ ಡೇವಿಡ್ ಹಾಗ್, ಏಪ್ರಿಲ್‌ನಲ್ಲಿ ಒಂದು ಘೋಷಣೆ ಮಾಡಿದರು. ತಮ್ಮ ಪ್ರತ್ಯೇಕ ಸಂಘಟನೆ 2 ಕೋಟಿ ಡಾಲರ್ ಖರ್ಚು ಮಾಡಿ, ಸುರಕ್ಷಿತ ಕ್ಷೇತ್ರಗಳಲ್ಲಿ ಜಡವಾಗಿ ಕೂತಿರುವ ಹಾಲಿ ಸಂಸದರ ವಿರುದ್ಧ ಹೊಸಬರನ್ನು ಬೆಂಬಲಿಸುತ್ತದೆ ಎಂದರು. ಅಧ್ಯಕ್ಷ ಕೆನ್ ಮಾರ್ಟಿನ್ ಒಪ್ಪಲಿಲ್ಲ. ಪದಾಧಿಕಾರಿಗಳು ಪ್ರೈಮರಿಗಳಲ್ಲಿ ತಟಸ್ಥರಾಗಿರಬೇಕು, ಅದಾಗದಿದ್ದರೆ ಹುದ್ದೆ ಬಿಡಬೇಕು ಎಂದರು. ಅಷ್ಟರಲ್ಲಿ ಉಪಾಧ್ಯಕ್ಷರ ಆಯ್ಕೆಯ ವಿಧಾನದ ಬಗ್ಗೆಯೇ ಬೇರೊಂದು ದೂರು ಬಂದಿತ್ತು. ಜೂನ್‌ನಲ್ಲಿ ಮರುಚುನಾವಣೆ ಮಾಡಬೇಕೆಂದು ತೀರ್ಮಾನವಾಯಿತು, ಹಾಗ್ ಮತ್ತೆ ನಿಲ್ಲಲಿಲ್ಲ. ಅವರ ರಾಜಕೀಯ ನಿಮಗೆ ಇಷ್ಟವಾಗಲಿ ಬಿಡಲಿ, ಮಾಡಲು ಹೊರಟದ್ದನ್ನು ಅವರು ಮುಚ್ಚಿಡಲಿಲ್ಲ. ಆದರೂ ಎರಡು ಟೋಪಿ ಒಟ್ಟಿಗೆ ಹಾಕಿಕೊಳ್ಳಲು ಪಕ್ಷ ಒಪ್ಪಲಿಲ್ಲ. ಅದೇ ಅಳತೆಗೋಲು ಮೂರು ವರ್ಷದ ಹಿಂದೆ ಯಾಕೆ ಹೊರಬರಲಿಲ್ಲ ಅಂದರೆ, ಒಬ್ಬರು ಹೊರಗಿನಿಂದ ಬಂದ ಹುಡುಗ, ಇನ್ನೊಬ್ಬರು ನಾಯಕರ ಬಳಗದವರು. ನನಗೆ ಬೇರೆ ಕಾರಣ ಕಾಣುವುದಿಲ್ಲ.

ಹಾಗಾದರೆ ಏನು ಮಾಡಬಹುದಿತ್ತು? ಎಲ್ಲಕ್ಕೂ ರಾಜೀನಾಮೆಯೇ ಮದ್ದು ಅಂತ ನಾನು ನಂಬುವುದಿಲ್ಲ. ಹುದ್ದೆಯಿಂದ ತಾತ್ಕಾಲಿಕವಾಗಿ ದೂರ ನಿಂತು, ಪ್ರೈಮರಿ ಮುಗಿಯುವವರೆಗೆ ಬೇರೊಬ್ಬ ಸಂಸದರಿಗೆ ಪೂರ್ತಿ ಜವಾಬ್ದಾರಿ ಕೊಡಬಹುದು. "ಪೂರ್ತಿ" ಅನ್ನುವುದನ್ನು ಒತ್ತಿ ಹೇಳುತ್ತೇನೆ. ಒಂದು ಕ್ಷೇತ್ರದ ಕಡತದಿಂದ ಮಾತ್ರ ಹೊರಗಿದ್ದೇನೆ ಅನ್ನುವ ಅರೆಬರೆ ವ್ಯವಸ್ಥೆ ಸಾಲದು, ಯಾಕೆಂದರೆ ಕಂಪನಿಗಳಿಗೂ ದಾನಿಗಳಿಗೂ ನಾಳೆಯೂ ಅದೇ ಅಧ್ಯಕ್ಷರ ಹತ್ತಿರ ಕೆಲಸ ಇರುತ್ತದೆ. 2022ರಲ್ಲಿ ಮೇ ಮಧ್ಯದಿಂದ ಆಗಸ್ಟ್ 23ರವರೆಗೆ, ಮೂರು ತಿಂಗಳ ಮಾತು. ಸಮಿತಿ ಮುಳುಗಿಹೋಗುತ್ತಿರಲಿಲ್ಲ. ಜೊತೆಗೆ, ನಕ್ಷೆ ಬದಲಾಗುವ ವರ್ಷದಲ್ಲಿ ಅಧ್ಯಕ್ಷರು ಯಾವ ಕ್ಷೇತ್ರದಲ್ಲಿ ನಿಲ್ಲುತ್ತಾರೆ ಅಂತ ಘೋಷಿಸುವ ಮೊದಲು ಅದರಿಂದ ಬಾಧೆಗೊಳಗಾಗುವ ಸಹೋದ್ಯೋಗಿಗೆ ತಿಳಿಸಬೇಕು, ಕೆಲವು ದಿನ ಕಾಯಬೇಕು ಅಂತ ಒಂದು ಸಾಲಿನ ನಿಯಮ ಇದ್ದರೂ ಎಷ್ಟೋ ಕಹಿ ತಪ್ಪುತ್ತಿತ್ತು. ಇಂಥ ನಿಯಮವನ್ನು ಜಗಳ ಶುರುವಾಗುವ ಮೊದಲೇ ಬರೆಯಬೇಕು. ಯಾರು ಯಾರ ವಿರುದ್ಧ ಅಂತ ಗೊತ್ತಾದ ಮೇಲೆ ಬರೆದರೆ ಅದು ನಿಯಮವಾಗಿರುವುದಿಲ್ಲ, ಒಬ್ಬರ ಪರವಾದ ತೀರ್ಪಾಗಿರುತ್ತದೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಮಲೋನಿ ಸೋತದ್ದು ಇದಕ್ಕೇನಾ? ನನಗೆ ಹಾಗನ್ನಿಸುವುದಿಲ್ಲ. ನವೆಂಬರ್ 8ರಂದು ಅವರು ರಿಪಬ್ಲಿಕನ್ ಪಕ್ಷದ ಮೈಕ್ ಲಾಲರ್ ಅವರಿಗೆ ಎರಡು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಸೋತರು. ಆ ವರ್ಷ ನ್ಯೂಯಾರ್ಕಿನಲ್ಲಿ ಅಪರಾಧದ ವಿಷಯ ಜೋರಾಗಿತ್ತು, ಗವರ್ನರ್ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ನಿರೀಕ್ಷೆಗಿಂತ ಚೆನ್ನಾಗಿ ಮಾಡಿದ್ದರು, ಸುತ್ತಮುತ್ತಲಿನ ಹಲವು ಕ್ಷೇತ್ರಗಳೂ ಕೈಬಿಟ್ಟವು. ಅಂತರ ಇಷ್ಟು ಸಣ್ಣದಿದ್ದಾಗ ಯಾವ ಕಾರಣವನ್ನು ಬೇಕಾದರೂ ತೋರಿಸಬಹುದು. ತಮಾಷೆ ಅಂದರೆ ಅವರು ಬಿಟ್ಟುಬಂದ 18ನೇ ಕ್ಷೇತ್ರವನ್ನು ಅದೇ ದಿನ ಪ್ಯಾಟ್ ರಯಾನ್ ಪಕ್ಷಕ್ಕೆ ಉಳಿಸಿಕೊಟ್ಟರು.

ಆದರೆ ಸಂಘರ್ಷ ಅಲ್ಲಿ ಎರಡನೇ ಸಲ ತಲೆ ಎತ್ತಿದ್ದನ್ನು ಹೆಚ್ಚಿನವರು ಗಮನಿಸಲಿಲ್ಲ. ಅಕ್ಟೋಬರ್ ಹೊತ್ತಿಗೆ 17ರಲ್ಲಿ ರಿಪಬ್ಲಿಕನ್ನರು ಕೋಟಿಗಟ್ಟಲೆ ಸುರಿಯಬಹುದು ಎಂಬ ಲಕ್ಷಣ ಕಂಡಿತು. ಪ್ರಚಾರ ಸಮಿತಿಯ ಹಣ ಅಧ್ಯಕ್ಷರ ಕ್ಷೇತ್ರಕ್ಕೇ ಹೋಗಬೇಕಾಯಿತು. ಪಕ್ಷಗಳು ಅಭ್ಯರ್ಥಿಯ ಜೊತೆ ಸಮಾಲೋಚಿಸದೆ ಮಿತಿಯಿಲ್ಲದೆ ಖರ್ಚು ಮಾಡಬಹುದು ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಈ ಸಮಿತಿಗಳಲ್ಲಿ ಅಂಥ ಖರ್ಚಿಗೆಂದೇ ಪ್ರತ್ಯೇಕ ತಂಡ ಇರುತ್ತದೆ. ನಡುವೆ ಗೋಡೆ. ಅಭ್ಯರ್ಥಿಗೆ ಆ ತಂಡದ ಜೊತೆ ಮಾತಾಡುವಂತಿಲ್ಲ. ಹಾಗಾಗಿ "ನನಗೆ ಕೊಡಬೇಡಿ, ಕಷ್ಟದಲ್ಲಿರುವ ಬೇರೆಯವರಿಗೆ ಕೊಡಿ" ಅಂತ ಅಧ್ಯಕ್ಷರು ಹೇಳಬೇಕೆಂದರೂ ಹೇಳುವ ಹಾಗಿರಲಿಲ್ಲ. ಗೋಡೆಯಾಚೆ ಕೂತವರಿಗಾದರೂ ತಾವು ಖರ್ಚು ಮಾಡದೆ ಬಿಟ್ಟರೆ ಸೋಲುವುದು ತಮ್ಮದೇ ಸಂಸ್ಥೆಯ ಮುಖ್ಯಸ್ಥರು ಅಂತ ಗೊತ್ತಿತ್ತು. ಜೋನ್ಸ್ 2024ರಲ್ಲಿ 17ಕ್ಕೆ ವಾಪಸ್ ಬಂದು, ಪಕ್ಷದ ಅಭ್ಯರ್ಥಿಯಾಗಿ ಅದೇ ಲಾಲರ್ ವಿರುದ್ಧ ನಿಂತು ಸೋತರು.